ಆಟಕ್ಕುಂಟು, ಲೆಕ್ಕಕ್ಕಿಲ್ಲ: ಪಿರಮಿಡ್ಡಿನ ತುದಿಯಲ್ಲಿ ನಿಂತ ಮಗು

ಡಿಸೆಂಬರ್ ಬಂತೆಂದರೆ ದಾವಣಗೆರೆಯ ಶಾಲೆಗಳ ಸದ್ದೇ ಬದಲಾಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಯಾವ ಕಾಂಪೌಂಡಿನ ಪಕ್ಕ ಹಾದು ಹೋದರೂ ಸ್ಪೀಕರಿನಲ್ಲಿ ಅದೇ ನಾಲ್ಕು ಹಾಡು, ಮಧ್ಯೆ ಮಧ್ಯೆ ಸೀಟಿ, "ಒನ್ ಟು ತ್ರೀ ಫೋರ್" ಎಂಬ ಕೂಗು. ಗ್ಯಾದರಿಂಗ್ ಪ್ರಾಕ್ಟೀಸ್. ವಾರ್ಷಿಕೋತ್ಸವ ಅನ್ನೋದು ನಮ್ಮ ಕಡೆ ಕಾರ್ಡಿನಲ್ಲಿ ಮಾತ್ರ ಇರುತ್ತದೆ, ಬಾಯಲ್ಲಿ ಗ್ಯಾದರಿಂಗೇ.

ಹೋದ ವರ್ಷ ಅಂಥದೊಂದು ಸಂಜೆ ಅಕ್ಕನ ಮಗಳನ್ನು ಕರೆತರಲು ಅವಳ ಶಾಲೆಗೆ ಹೋಗಿದ್ದೆ. ಏಳನೇ ಕ್ಲಾಸು. ಸಿಮೆಂಟಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಮೇಲೆ ಜಮಖಾನ ಹಾಸಿದ್ದರು. ಅದರ ಮೇಲೆ ಹದಿನೈದು ಹುಡುಗಿಯರು ಪಿರಮಿಡ್ ಕಟ್ಟುತ್ತಿದ್ದರು. ಕೆಳಗೆ ಐವರು ಮಂಡಿ, ಅಂಗೈ ಊರಿ ಬಗ್ಗಿದ್ದರು. ಅವರ ಬೆನ್ನ ಮೇಲೆ ನಾಲ್ವರು, ಆಮೇಲೆ ಮೂವರು, ಇಬ್ಬರು, ತುದಿಗೆ ಒಬ್ಬಳು. ತುದಿಯವಳ ಕೈಯಲ್ಲಿ ಬಾವುಟ. ಪಕ್ಕದಲ್ಲಿ ಎರಡು ಸಾಲು ಹುಡುಗಿಯರು ಪಾಮ್‌ಪಾಮ್ (ಬಣ್ಣದ ಗೊಂಡೆ) ಅಲ್ಲಾಡಿಸುತ್ತಾ ಶಾಲೆಯ ಹೆಸರಿನ ಒಂದೊಂದೇ ಅಕ್ಷರ ಕೂಗುತ್ತಿದ್ದರು. "ನಮ್ದು ಚಿಯರ್ ಟೀಮ್, ಮಾಮ" ಅಂತ ನಮ್ಮ ಹುಡುಗಿ ಒಂದು ವಾರದಿಂದ ಮನೆಯಲ್ಲಿ ಹೇಳಿಕೊಂಡು ಓಡಾಡುತ್ತಿದ್ದಳು. ಅವಳು ಕೆಳಗಿನ ಸಾಲಿನ ನಡುವಿನವಳು.

ಮೂರನೇ ಸಲ ಕಟ್ಟುವಾಗ ಜಮಖಾನದ ಒಂದು ಅಂಚು ಜಾರಿತು. ಅಷ್ಟೇ. ಕೆಳಗಿದ್ದ ಒಬ್ಬಳ ಕೈ ಅರ್ಧ ಅಡಿ ಮುಂದೆ ಹೋಯಿತು. ಮೇಲಿದ್ದವರೆಲ್ಲ ಭತ್ತದ ಚೀಲಗಳ ಹಾಗೆ ಒಬ್ಬರ ಮೇಲೊಬ್ಬರು ಕುಸಿದರು. ತುದಿಯವಳು ಮಾತ್ರ ಗುಂಪಿನ ಮೇಲೆ ಬೀಳಲಿಲ್ಲ, ಹೊರಗೆ ಬಿದ್ದಳು. ಮೊದಲು ಮೊಣಕೈ ತಾಗಿತು, ಆಮೇಲೆ ತಲೆ. ತೆಂಗಿನಕಾಯಿ ಕೈಜಾರಿ ಬಿದ್ದಂಥ ಸದ್ದು. ಕೂರಿಸಿ ನೀರು ಕುಡಿಸಿದರು. ಐದು ನಿಮಿಷಕ್ಕೆ "ಏನೂ ಆಗಿಲ್ಲ, ಏಳಮ್ಮ" ಅಂದರು. ಎದ್ದಳು. ಮತ್ತೆ ಹತ್ತಿದಳು.

ನಾನು ಸುಮ್ನೆ ಬರಲಿಲ್ಲ. ಪಿಟಿ ಮೇಷ್ಟ್ರನ್ನು ಕೇಳಿದೆ. "ಅದು ನಂದಲ್ಲ ಸಾರ್, ಪ್ರೋಗ್ರಾಂ ಸೆಕ್ಷನ್ನು. ನಂದು ಸ್ಪೋರ್ಟ್ಸ್ ಅಷ್ಟೇ" ಅಂದರು. ಹದಿನೈದು ದಿನಕ್ಕೆಂದು ಹೊರಗಿನಿಂದ ಬಂದಿದ್ದ ಡ್ಯಾನ್ಸ್ ಮಾಸ್ಟರ್, ಇನ್ನೂ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ ಹುಡುಗ, "ನಂದು ಸ್ಟೆಪ್ ಸಾರ್. ಪಿರಮಿಡ್ ಬೇಕು ಅಂತ ಕೇಳಿದ್ದು ಆಫೀಸಿನವರು" ಅಂದ. ಆಫೀಸಿನಲ್ಲಿ "ಪೇರೆಂಟ್ಸ್‌ಗೆ ಅದೇ ಇಷ್ಟ ಸಾರ್, ಫೋಟೋ ಚೆನ್ನಾಗಿ ಬರುತ್ತೆ" ಎಂಬ ಉತ್ತರ. ಮೂವರೂ ಸುಳ್ಳು ಹೇಳಲಿಲ್ಲ. ತಮಾಷೆ ಇರೋದೇ ಅಲ್ಲಿ. ಪಿರಮಿಡ್ ಆಟದ ಖಾತೆಗೂ ಸೇರುವುದಿಲ್ಲ, ಪಾಠದ ಖಾತೆಗೂ ಸೇರುವುದಿಲ್ಲ. ಅದು 'ಪ್ರೋಗ್ರಾಂ'. ಆ ಒಂದು ಪದದ ಹಿಂದೆ ಎಲ್ಲರೂ ಅಡಗಿಕೊಳ್ಳಬಹುದು.

ಇದೇ ಪದದ ಆಟವನ್ನು ಅಮೆರಿಕ ಹಲವು ದಶಕ ಆಡಿತು. ಅಲ್ಲಿ ಏನಾಯಿತು ಎಂದು ತಿಳಿದರೆ ನಮ್ಮ ಶಾಲೆಯ ಕೋರ್ಟಿನಲ್ಲಿ ಆಗುತ್ತಿರುವುದೂ ಸ್ಪಷ್ಟವಾಗುತ್ತದೆ.

ಚಿಯರ್‌ಲೀಡಿಂಗ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಐಪಿಎಲ್ ನೆನಪಾಗುತ್ತದೆ. 2008ರಲ್ಲಿ ಮೊದಲ ಐಪಿಎಲ್‌ಗೆ ಬೆಂಗಳೂರು ತಂಡದವರು ವಾಷಿಂಗ್ಟನ್ನಿನ ಫುಟ್‌ಬಾಲ್ ತಂಡವೊಂದರ ಚಿಯರ್‌ಲೀಡರ್‌ಗಳನ್ನು ಕರೆಸಿದ್ದರು. ಸಿಕ್ಸರ್ ಹೊಡೆದಾಗ ಬೌಂಡರಿ ಪಕ್ಕ ಕುಣಿಯುವವರು, ಇಷ್ಟೇ ನಮಗೆ ಗೊತ್ತಿದ್ದದ್ದು. ಆದರೆ ಅಮೆರಿಕದ ಶಾಲೆ, ಕಾಲೇಜಿನ ಚಿಯರ್‌ಲೀಡಿಂಗ್ ಬೇರೆಯೇ. ಅದು ಶುರುವಾದದ್ದು 1898ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಮೈದಾನದ ಮುಂದೆ ನಿಂತು ಜನರಿಂದ ಘೋಷಣೆ ಕೂಗಿಸಿದಾಗ. ಹೌದು, ಮೊದಲ ಚಿಯರ್‌ಲೀಡರ್ ಗಂಡಸು. ಬಾಯಿಯ ಕೆಲಸವಾಗಿದ್ದದ್ದು ಕಾಲಕ್ರಮೇಣ ಮೈಯ ಕೆಲಸವಾಯಿತು. ಲಾಗ ಬಂತು, ಪಿರಮಿಡ್ ಬಂತು, ನಾಲ್ವರು ಸೇರಿ ಒಬ್ಬಳನ್ನು ಗಾಳಿಗೆ ಎಸೆದು ಹಿಡಿಯುವ 'ಬಾಸ್ಕೆಟ್ ಟಾಸ್' ಬಂತು. ಅದಕ್ಕೇ ಸ್ಪರ್ಧೆಗಳು ಹುಟ್ಟಿಕೊಂಡವು. ಮೈ ಮಾಡುವ ಕೆಲಸ ಜಿಮ್ನಾಸ್ಟಿಕ್ಸಿನದು, ಕಾಗದದ ಮೇಲಿನ ಹೆಸರು ಮಾತ್ರ ಹಳೆಯದು: ಆಟವಲ್ಲ, 'ಚಟುವಟಿಕೆ'.

2006ರ ಮಾರ್ಚಿನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯುತ್ತಿತ್ತು. ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಒಬ್ಬ ಚಿಯರ್‌ಲೀಡರ್ ಸುಮಾರು 15 ಅಡಿ ಎತ್ತರದ ಪಿರಮಿಡ್‌ನಿಂದ ತಲೆಕೆಳಗಾಗಿ ಮರದ ನೆಲಕ್ಕೆ ಬಿದ್ದಳು. ಕುತ್ತಿಗೆಯ ಮೂಳೆ ಬಿರುಕು ಬಿಟ್ಟಿತು, ಮೆದುಳಿಗೂ ಪೆಟ್ಟಾಯಿತು. ಸ್ಟ್ರೆಚರಿಗೆ ಕಟ್ಟಿ ಹೊರಗೆ ಒಯ್ಯುವಾಗ ಬ್ಯಾಂಡಿನವರು ತಂಡದ ಹಾಡು ನುಡಿಸಿದರು. ಆಕೆ ಮಲಗಿದಲ್ಲೇ ಆ ಹಾಡಿಗೆ ಕೈ ಆಡಿಸುತ್ತಾ ಹೋದಳು. ಕ್ರೀಡಾಂಗಣ ಚಪ್ಪಾಳೆ ತಟ್ಟಿತು. ಟಿವಿಯಲ್ಲಿ ದಿನಗಟ್ಟಲೆ ಅದನ್ನೇ ತೋರಿಸಿದರು, ಎಷ್ಟು ಧೈರ್ಯದ ಹುಡುಗಿ ಅಂತ. ನನಗಂತೂ ಅದರಲ್ಲಿ ಧೈರ್ಯಕ್ಕಿಂತ ಭಯವೇ ಜಾಸ್ತಿ ಕಂಡಿತು. ಕುತ್ತಿಗೆ ಮುರಿದಿರಬಹುದಾದ ಮಗುವಿನಿಂದಲೂ 'ಪ್ರೋಗ್ರಾಂ' ನಿಲ್ಲಬಾರದು ಎಂದು ಎಲ್ಲರೂ ಬಯಸಿದಂತಿತ್ತು. ನಮ್ಮ ಕೋರ್ಟಿನಲ್ಲಿ ಐದೇ ನಿಮಿಷಕ್ಕೆ ಎದ್ದು ಹತ್ತಿದವಳು ಮಾಡಿದ್ದೂ ಅದನ್ನೇ ಅಲ್ವಾ?

ಆ ಘಟನೆ ಆದ ಮೇಲೆ ನಿಯಮ ಬದಲಾಯಿತು. ಮ್ಯಾಟ್ ಇಲ್ಲದ ಗಟ್ಟಿ ನೆಲದ ಮೇಲೆ ಬಾಸ್ಕೆಟ್ ಟಾಸ್ ಮಾಡುವಂತಿಲ್ಲ ಎಂದು ಕೋಚ್‌ಗಳ ಸಂಘ ನಿಷೇಧ ಹಾಕಿತು. ನಿಯಮ ಬಂದ ಮೇಲೆ ಬಾಸ್ಕೆಟ್ ಟಾಸ್‌ನಿಂದ ಆಗುತ್ತಿದ್ದ ಅತಿ ಗಂಭೀರ ಗಾಯಗಳ ಪ್ರಮಾಣ ಮೊದಲಿನ ಸುಮಾರು ಕಾಲು ಭಾಗಕ್ಕೆ ಇಳಿಯಿತು ಎಂದು ಮುಂದೆ ನಡೆದ ಅಧ್ಯಯನ ತೋರಿಸಿತು. ಹುಡುಗಿಯರು ಕುಣಿಯುವುದನ್ನು ಬಿಡಲಿಲ್ಲ, ಎಸೆಯುವುದನ್ನೂ ಬಿಡಲಿಲ್ಲ. ಬದಲಾದದ್ದು ನೆಲ.

ಅಂಕಿಗಳ ವಿಷಯದಲ್ಲಿ ಒಂದು ಮಾತು ಹೇಳಿಬಿಡಬೇಕು, ಯಾಕೆಂದರೆ ಚಿಯರ್‌ಲೀಡಿಂಗ್ ಅಪಾಯ ಅನ್ನುವವರೂ ಅಲ್ಲ ಅನ್ನುವವರೂ ತಮಗೆ ಬೇಕಾದ್ದನ್ನೇ ಎತ್ತಿ ತೋರಿಸುತ್ತಾರೆ. ಅಮೆರಿಕದ ಹೈಸ್ಕೂಲ್ ಕ್ರೀಡೆಗಳ ಅಂಕಿಗಳನ್ನಿಟ್ಟುಕೊಂಡು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚಿಯರ್‌ಲೀಡಿಂಗಿನ ಗಾಯದ ಪ್ರಮಾಣ 22 ಆಟಗಳ ಪೈಕಿ 18ನೇ ಸ್ಥಾನದಲ್ಲಿತ್ತು. ಅಂದರೆ ಗಾಯ ಕಡಿಮೆ. ಸರಿ. ಆದರೆ ಗಾಯವಾದರೆ ಮೂರು ವಾರಕ್ಕಿಂತ ಹೆಚ್ಚು ಮನೆಯಲ್ಲಿ ಕೂರಿಸುವಂಥ ಗಾಯಗಳ ಪಾಲಿನಲ್ಲಿ ಅದು ಎರಡನೇ ಸ್ಥಾನದಲ್ಲಿತ್ತು. ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆದದ್ದು ಎತ್ತುವ, ಹತ್ತುವ ಸ್ಟಂಟ್‌ಗಳಲ್ಲಿ. ಸುಮಾರು ಮೂರರಲ್ಲಿ ಒಂದು ತಲೆಗೆ ಬಿದ್ದ ಪೆಟ್ಟು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ಇನ್ನೂ ಗಟ್ಟಿಯಾದ ಅಂಕಿಯಿತ್ತು: ಹಿಂದಿನ 25 ವರ್ಷಗಳಲ್ಲಿ ಹೈಸ್ಕೂಲ್ ಕ್ರೀಡಾಪಟು ಹುಡುಗಿಯರಿಗೆ ಆದ ಅತಿ ಗಂಭೀರ ಗಾಯಗಳಲ್ಲಿ ಶೇ 66 ಚಿಯರ್‌ಲೀಡಿಂಗಿನಲ್ಲೇ ಆಗಿದ್ದವು. ಅತಿ ಗಂಭೀರ ಅಂದರೆ ಸಾವು, ಪಾರ್ಶ್ವವಾಯು, ತಲೆಬುರುಡೆ, ಬೆನ್ನುಹುರಿಯ ಏಟು ಇಂಥವು. ಸೈಕಲ್ಲಿನಿಂದ ದಿನಾ ಬೀಳುತ್ತೇವೆ, ಬಾವಿಗೆ ಅಪರೂಪಕ್ಕೆ ಬೀಳುತ್ತೇವೆ. ಆದರೂ ಕಟ್ಟೆ ಕಟ್ಟುವುದು ಬಾವಿಗೆ.

ಅದೇ ಹೇಳಿಕೆಯಲ್ಲಿ ವೈದ್ಯರು ಕೇಳಿದ ಮೊದಲ ವಿಷಯ ಯಾವುದು ಗೊತ್ತಾ? ಹೆಲ್ಮೆಟ್ ಅಲ್ಲ, ಔಷಧಿ ಅಲ್ಲ. ಚಿಯರ್‌ಲೀಡಿಂಗನ್ನು ಎಲ್ಲ ಶಾಲೆಗಳೂ 'ಆಟ' ಎಂದು ಕರೆಯಿರಿ ಅಂದರು. ಆಟ ಅಂದರೆ ತರಬೇತಿ ಪಡೆದ ಕೋಚ್ ಬೇಕು, ಸೇರುವ ಮೊದಲು ಮಕ್ಕಳ ಆರೋಗ್ಯ ತಪಾಸಣೆ ಆಗಬೇಕು, ಪ್ರಾಕ್ಟೀಸಿಗೆ ಸರಿಯಾದ ಜಾಗ ಕೊಡಬೇಕು, ಗಾಯ ಆದರೆ ಬರೆದಿಡಬೇಕು. ಹೆಸರು ಬದಲಾದರೆ ಹೊಣೆಯೂ ಬರುತ್ತದೆ. ತಮಾಷೆಯೆಂದರೆ ಅದಕ್ಕೆ ಎರಡು ವರ್ಷ ಮೊದಲು, 2010ರಲ್ಲಿ, ಕ್ವಿನಿಪಿಯಾಕ್ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಸ್ಪರ್ಧಾತ್ಮಕ ಚಿಯರ್ ಇನ್ನೂ ಆಟವಾಗಿಲ್ಲ ಎಂದು ತೀರ್ಪು ಕೊಟ್ಟಿದ್ದರು. ಅವರ ಕಾರಣ ಬೇರೆ. ವಿಶ್ವವಿದ್ಯಾಲಯ ಹುಡುಗಿಯರ ವಾಲಿಬಾಲ್ ತಂಡ ತೆಗೆದು, ಅದರ ಜಾಗಕ್ಕೆ ಚಿಯರ್ ತಂಡ ತೋರಿಸಿ, 'ನೋಡಿ, ಹೆಣ್ಣುಮಕ್ಕಳಿಗೂ ಸಮ ಅವಕಾಶ ಕೊಟ್ಟಿದ್ದೇವೆ' ಅನ್ನಲು ಹೊರಟಿತ್ತು. ತೀರ್ಪು ಸರಿಯೇ ಇತ್ತು ಅನ್ನಿಸುತ್ತದೆ. ಆದರೆ 'ಆಟವಲ್ಲ' ಎಂಬ ಮಾತು ಬೀಳುವವರಿಗೆ ಏನೂ ಸಹಾಯ ಮಾಡಲಿಲ್ಲ. 2021ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಚಿಯರ್‌ನ ವಿಶ್ವ ಸಂಘಟನೆಗೆ ಪೂರ್ಣ ಮಾನ್ಯತೆ ಕೊಟ್ಟಿತು. ಈಗ ಅದು ಆಟ ಹೌದೋ ಅಲ್ಲವೋ ಎಂದು ಚರ್ಚೆ ಮಾಡುವವರು ಕಡಿಮೆಯಾಗಿದ್ದಾರೆ.

ನೆಲದ ವಿಷಯಕ್ಕೆ ಬರೋಣ. ಇದು ನನ್ನ ತಲೆಯಲ್ಲಿ ಜಾಸ್ತಿ ಕೊರೆಯುವ ವಿಷಯ.

ತಲೆ ಎಷ್ಟು ಎತ್ತರದಿಂದ ಬಿದ್ದರೆ ಜೀವಕ್ಕೆ ಅಪಾಯವಾಗುವಂಥ ಪೆಟ್ಟಾಗಬಹುದು ಎಂಬುದಕ್ಕೆ ಒಂದು ಅಳತೆ ಇದೆ. ಬೇರೆ ಬೇರೆ ನೆಲಕ್ಕೆ ಅದು ಬೇರೆ ಬೇರೆ. ಚಿಯರ್‌ಲೀಡರ್‌ಗಳು ಪ್ರಾಕ್ಟೀಸ್ ಮಾಡುವ ನೆಲಗಳನ್ನು 2009ರಲ್ಲಿ ಅಳೆದು ನೋಡಿದರು. ಕೆಳಗೆ ಸ್ಪ್ರಿಂಗ್, ಮೇಲೆ ಫೋಮ್ ಇರುವ ನೆಲದಲ್ಲಿ ಆ ಎತ್ತರ ಸುಮಾರು 11 ಅಡಿ. ಕಾಂಕ್ರೀಟಿನಲ್ಲಿ? ಅರ್ಧ ಅಡಿ. ಇನ್ನೊಮ್ಮೆ ಓದಿ. ಅರ್ಧ ಅಡಿ. ಕಾಂಕ್ರೀಟಿನ ಮೇಲೆ ತೆಳ್ಳಗೆ ವಿನೈಲ್ ಹಾಸಿದರೂ ಅದೇ ಅರ್ಧ ಅಡಿ. ಹಾಗಿರುವಾಗ ನಮ್ಮ ಜಮಖಾನ ಏನು ಮಾಡೀತು? ಪೆಟ್ಟನ್ನು ತಡೆಯುವುದಿಲ್ಲ, ಮೇಲಾಗಿ ಜಾರುತ್ತದೆ. ಮಂಡಿ ತರಚದಿರಲಿ ಎಂದು ಹಾಸಿದ ಬಟ್ಟೆಯೇ ಪಿರಮಿಡ್ ಬೀಳಿಸಿತು.

ಅವತ್ತು ಬಿದ್ದ ಹುಡುಗಿ ತುದಿಯಲ್ಲಿ ನಿಂತಾಗ ಅವಳ ಪಾದವೇ ಹತ್ತಿರ ಹತ್ತಿರ ಆರಡಿ ಎತ್ತರದಲ್ಲಿತ್ತು, ತಲೆ ಹತ್ತಡಿ ಮೇಲೆ. ಹತ್ತಡಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿರುತ್ತದೆ. ಪಿ.ಬಿ. ರಸ್ತೆಯಲ್ಲಿ ಅಷ್ಟು ವೇಗದಲ್ಲಿ ಸ್ಕೂಟರ್ ಓಡಿಸುವಾಗ ಹೆಲ್ಮೆಟ್ ಇಲ್ಲದಿದ್ದರೆ ಪೊಲೀಸರು ನಿಲ್ಲಿಸುತ್ತಾರೆ. ಶಾಲೆಯ ಕೋರ್ಟಿನಲ್ಲಿ ಚಪ್ಪಾಳೆ ತಟ್ಟುತ್ತೇವೆ. ಮೊಣಕೈ ಮೊದಲು ತಾಗಿದ್ದೇ ಅವಳ ಪುಣ್ಯ.

ಇನ್ನು ಕೆಳಗಿನವರ ಪಾಡು. ಪಿರಮಿಡ್ ಅಂದಾಗ ನಮ್ಮ ಕಣ್ಣು ಯಾವಾಗಲೂ ತುದಿಗೆ ಹೋಗುತ್ತದೆ, ಅಡಿಯಲ್ಲಿರುವವರನ್ನು ಯಾರೂ ನೋಡುವುದಿಲ್ಲ. ಸಣ್ಣ ಲೆಕ್ಕ ಮಾಡಿ. ಪ್ರತಿ ಮಗು 35 ಕೆ.ಜಿ. ಅನ್ನಿ, ತನ್ನ ಮೇಲಿನ ಭಾರವನ್ನೂ ತನ್ನ ಭಾರವನ್ನೂ ಕೆಳಗಿನ ಇಬ್ಬರಿಗೆ ಸಮವಾಗಿ ಹಂಚುತ್ತದೆ ಅನ್ನಿ. ಮೂರು ಸಾಲಿನ ಪಿರಮಿಡ್‌ನಲ್ಲಿ ಕೆಳಗೆ ನಡುವೆ ಇರುವ ಮಗುವಿನ ಬೆನ್ನ ಮೇಲೆ 52 ಕೆ.ಜಿ. ಬೀಳುತ್ತದೆ. ನಾಲ್ಕು ಸಾಲಾದರೆ 74. ಐದು ಸಾಲಾದರೆ 109 ಕೆ.ಜಿ. ಹೆಚ್ಚುಕಡಿಮೆ ಎರಡು ಸಿಮೆಂಟ್ ಚೀಲ, ಇನ್ನೂ ಬೆಳೆಯುತ್ತಿರುವ ಬೆನ್ನಿನ ಮೇಲೆ. ಇದೂ ಎಲ್ಲರೂ ಅಲುಗಾಡದೆ ಇದ್ದಾಗಿನ ಲೆಕ್ಕ. ಮೇಲಿನವರು ಹತ್ತುವಾಗ ಒಬ್ಬರ ಮೇಲೆ ಕಾಲಿಟ್ಟು ತಳ್ಳುತ್ತಾರಲ್ಲ, ಆ ಗಳಿಗೆಯಲ್ಲಿ ಇನ್ನೂ ಜಾಸ್ತಿ. ಅವತ್ತು ರಾತ್ರಿ ನಮ್ಮ ಹುಡುಗಿ ಬೆನ್ನು ತೋರಿಸಿದಳು. ಎರಡೂ ಭುಜದ ಮೂಳೆಯ ಕೆಳಗೆ ನಾಲ್ಕು ನಾಲ್ಕು ಬೆರಳಿನ ಗುರುತು, ನೀಲಿಗಟ್ಟಿತ್ತು. "ಅಲ್ಲಾಡಿದ್ರೆ ಬೈತಾರೆ ಮಾಮ" ಅಂದಳು.

ಇಷ್ಟು ಕೇಳಿದರೆ ಜಪಾನ್ ನೆನಪಾಗಲೇಬೇಕು. ನಿಜ ಹೇಳಬೇಕೆಂದರೆ ನಮ್ಮ ಗ್ಯಾದರಿಂಗ್ ಪಿರಮಿಡ್ಡಿಗೆ ಅಮೆರಿಕದ ಚಿಯರ್‌ಗಿಂತ ಜಪಾನಿನ 'ಕುಮಿತೈಸೊ' ಹತ್ತಿರದ ನೆಂಟ. ಅಲ್ಲೂ ಶಾಲೆಯ ಕ್ರೀಡಾದಿನಕ್ಕೆ ಮಕ್ಕಳು ಮಾನವ ಗೋಪುರ ಕಟ್ಟುತ್ತಾರೆ, ಅಪ್ಪ ಅಮ್ಮ ಕಣ್ಣೊರೆಸಿಕೊಳ್ಳುತ್ತಾರೆ, 'ಒಗ್ಗಟ್ಟು ಕಲಿಸುತ್ತದೆ' ಎಂದು ಮೇಷ್ಟ್ರುಗಳು ಹೇಳುತ್ತಾರೆ. ಶಾಲೆ ಶಾಲೆಗೆ ಪೈಪೋಟಿ ಬಿದ್ದು ಎತ್ತರ ಏರುತ್ತಾ ಹೋಯಿತು. 2015ರ ಸೆಪ್ಟೆಂಬರಿನಲ್ಲಿ ಒಸಾಕಾ ಪ್ರಾಂತ್ಯದ ಯಾವೊ ಊರಿನ ಒಂದು ಶಾಲೆಯಲ್ಲಿ ಹತ್ತು ಸಾಲಿನ ಪಿರಮಿಡ್ ಕುಸಿದು ಆರು ಹುಡುಗರಿಗೆ ಪೆಟ್ಟಾಯಿತು, ಒಬ್ಬನ ಕೈ ಮುರಿಯಿತು. ವಿಡಿಯೋ ದೇಶವೆಲ್ಲ ನೋಡಿತು. ಅದಕ್ಕೂ ಮೊದಲೇ ನಗೋಯಾ ವಿಶ್ವವಿದ್ಯಾಲಯದ ರಿಯೊ ಉಚಿದಾ ಎಂಬ ಪ್ರಾಧ್ಯಾಪಕರು, ವರ್ಷಕ್ಕೆ 8,000ಕ್ಕೂ ಹೆಚ್ಚು ಮಕ್ಕಳಿಗೆ ಇದರಲ್ಲಿ ಪೆಟ್ಟಾಗುತ್ತಿದೆ ಎಂದು ಅಂಕಿ ಇಟ್ಟುಕೊಂಡು ಕೂಗುತ್ತಿದ್ದರು. ಈ ಅಂಕಿ ಅವರಿಗೆ ಸಿಕ್ಕಿದ್ದು ಎಲ್ಲಿಂದ? ಶಾಲೆಯಲ್ಲಿ ಗಾಯವಾದರೆ ಆಸ್ಪತ್ರೆ ಖರ್ಚು ಕೊಡುವ ಒಂದು ಸರ್ಕಾರಿ ಸಂಸ್ಥೆಯ ಲೆಕ್ಕದಿಂದ. ಗಾಯವನ್ನು ಯಾರೋ ಬರೆದಿಟ್ಟಿದ್ದರು, ಅದಕ್ಕೇ ವಾದ ಮಾಡಲು ಆಯಿತು. 2016ರಲ್ಲಿ ಒಸಾಕಾ ನಗರ ತನ್ನ ಶಾಲೆಗಳಲ್ಲಿ ಪಿರಮಿಡ್, ಗೋಪುರ ಎರಡನ್ನೂ ನಿಲ್ಲಿಸಿತು. ಸುರಕ್ಷತೆ ಖಾತ್ರಿಯಿಲ್ಲದಿದ್ದರೆ ಮಾಡಿಸಬೇಡಿ ಎಂದು ಕೇಂದ್ರದ ಕ್ರೀಡಾ ಇಲಾಖೆಯೂ ಸೂಚನೆ ಕಳಿಸಿತು.

ನಮ್ಮಲ್ಲಿ ಗ್ಯಾದರಿಂಗಿನಲ್ಲಿ ಬಿದ್ದ ಮಗುವಿನ ಲೆಕ್ಕ ಯಾವ ರಿಜಿಸ್ಟರಿನಲ್ಲಿದೆ? ಹಾಜರಿ ಪುಸ್ತಕದಲ್ಲಿ 'ಗೈರು' ಎಂದು ಬೀಳುತ್ತದೆ, ಅಷ್ಟೇ.

ಭಾರತದಲ್ಲಿ ಈ ಬಗ್ಗೆ ನ್ಯಾಯಾಲಯದವರೆಗೆ ಹೋದ ಚರ್ಚೆ ಅಂದರೆ ಮಹಾರಾಷ್ಟ್ರದಲ್ಲಿ ಕೃಷ್ಣಾಷ್ಟಮಿಗೆ ಮಾನವ ಗೋಪುರ ಕಟ್ಟಿ ಒಡೆಯುವ ಮೊಸರು ಗಡಿಗೆ, ದಹಿ ಹಂಡಿ. ಬಾಂಬೆ ಹೈಕೋರ್ಟ್ 2014ರಲ್ಲಿ 18 ವರ್ಷದೊಳಗಿನವರು ಬೇಡ, 20 ಅಡಿ ಮೀರಬೇಡಿ ಎಂದಿತು. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಲು ಒಪ್ಪಲಿಲ್ಲ. 2017ರಲ್ಲಿ ಹೈಕೋರ್ಟೇ ಎತ್ತರದ ಮಿತಿ ತೆಗೆದು, 14ರೊಳಗಿನ ಮಕ್ಕಳು ಮಾತ್ರ ಬೇಡ ಎಂದಿತು. ಇಷ್ಟು ವರ್ಷದ ವಾದದಲ್ಲಿ ಅಡಿ ಎಷ್ಟು, ವಯಸ್ಸು ಎಷ್ಟು ಎಂಬುದೇ ಮುಂದಿತ್ತು. ಕೆಳಗೆ ಏನು ಹಾಸಿದೆ, ಕಲಿಸಿದವರು ಯಾರು, ಎಷ್ಟು ತಿಂಗಳು ಕಲಿಸಿದರು ಎಂಬುದು ಹಿಂದೆ ಬಿತ್ತು. ಎತ್ತರಕ್ಕೆ ಮಿತಿ ಬೇಕು, ಖಂಡಿತ ಬೇಕು. ಅಮೆರಿಕದ ಹೈಸ್ಕೂಲ್ ನಿಯಮದಲ್ಲಿ ಪಿರಮಿಡ್ ಇಬ್ಬರು ಆಳಿನ ಎತ್ತರ ಮೀರುವಂತಿಲ್ಲ. ಆದರೆ ಸಿಮೆಂಟಿನ ಮೇಲೆ ಇಬ್ಬರ ಎತ್ತರವೂ ಜಾಸ್ತಿಯೇ.

ಸ್ಪೇನಿನ ಕ್ಯಾಟಲೋನಿಯಾದಲ್ಲಿ ಎಂಟು, ಒಂಬತ್ತು ಅಂತಸ್ತಿನ ಮಾನವ ಗೋಪುರ ಕಟ್ಟುವ ಹಳೆಯ ಸಂಪ್ರದಾಯ ಇದೆ. ಅಲ್ಲಿ ಬುಡದ ಸುತ್ತ ನೂರಾರು ಜನ ಒತ್ತಾಗಿ ನಿಲ್ಲುತ್ತಾರೆ. ಗೋಪುರವನ್ನು ಬಿಗಿಯಾಗಿ ಹಿಡಿಯುವುದೂ ಅವರೇ, ಬಿದ್ದವರಿಗೆ ಹಾಸಿಗೆಯಾಗುವುದೂ ಅವರೇ. ಅಷ್ಟಿದ್ದೂ 2006ರಲ್ಲಿ ಒಂದು ಮಗು ಬಿದ್ದು ಸತ್ತಿತು. ಆಮೇಲೆ ತುದಿಗೆ ಹತ್ತುವ ಮಕ್ಕಳ ತಲೆಗೆ ಹೆಲ್ಮೆಟ್ ಬಂತು.

ಇಷ್ಟು ದೂರದ ಮಾತೆಲ್ಲ ಯಾಕೆ, ನಮ್ಮ ಊರಿನ ಗರಡಿ ಮನೆಗೆ ಹೋಗಿ. ದಾವಣಗೆರೆಗೆ ಕುಸ್ತಿ ಹೊಸದಲ್ಲ. ದುಗ್ಗಮ್ಮನ ಜಾತ್ರೆ ಬಂದರೆ ಕುಸ್ತಿ ನೋಡಲು ಸುತ್ತಲ ಹಳ್ಳಿಗಳೆಲ್ಲ ಬಂದು ಕೂರುತ್ತವೆ. ಗರಡಿಗೆ ಹೊಸ ಹುಡುಗ ಬಂದರೆ ಉಸ್ತಾದ್ ಅವನಿಗೆ ಮೊದಲ ದಿನವೇ ಪಟ್ಟು ಕಲಿಸುವುದಿಲ್ಲ. ಮೊದಲು ಮಣ್ಣು ಅಗೆಯಲು ಹಚ್ಚುತ್ತಾನೆ. ದಿನಾ ಗುದ್ದಲಿ ಹಿಡಿದು ಕೆಮ್ಮಣ್ಣು ಅಗೆದು, ಹೆಂಟೆ ಒಡೆದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ಮೆತ್ತಗೆ ಮಾಡಬೇಕು. ಆಮೇಲೆ ದಂಡೆ, ಬೈಠಕ್, ತಿಂಗಳುಗಟ್ಟಲೆ. ಆಮೇಲೆ ಬೀಳುವುದನ್ನು ಕಲಿಯಬೇಕು. ಬೀಳುವುದು ಬಂದ ಮೇಲೆ ಬೀಳಿಸುವುದು. ನಮ್ಮ ತಾತನ ಕಾಲದ ಅಕ್ಷರ ಬಾರದ ಉಸ್ತಾದನಿಗೂ ನೆಲ ಮೆತ್ತಗಿರಬೇಕು, ಮೈ ಮೊದಲು ಗಟ್ಟಿಯಾಗಬೇಕು, ಕಷ್ಟದ್ದು ಕೊನೆಗೆ ಬರಬೇಕು ಎಂದು ಗೊತ್ತಿತ್ತು. ಇದನ್ನೇ ಚಿಯರ್ ಕೋಚ್‌ಗಳ ಪಠ್ಯದಲ್ಲಿ 'ಪ್ರೊಗ್ರೆಶನ್' ಅಂತಾರೆ: ನೆಲದ ಮೇಲೆ ತಪ್ಪಿಲ್ಲದೆ ಬಂದ ಮೇಲೆ ಮಂಡಿ ಎತ್ತರ, ಅದು ಬಂದ ಮೇಲೆ ಸೊಂಟ, ಆಮೇಲೆ ಭುಜ. ಹದಿನೈದು ದಿನದಲ್ಲಿ ಐದು ಸಾಲು ಅನ್ನುವ ಪಾಠ ಎಲ್ಲೂ ಇಲ್ಲ.

ಗರಡಿಯಲ್ಲಿ ಇನ್ನೊಂದು ನೋಡಿದ್ದೇನೆ. ಹುಡುಗರು ಹೊಸ ಪಟ್ಟು ಹಾಕುವಾಗ ಉಸ್ತಾದ್ ಪಕ್ಕದಲ್ಲೇ ಬಗ್ಗಿ ನಿಂತಿರುತ್ತಾನೆ, ಒಂದು ಕೈ ಯಾವಾಗಲೂ ಬೀಳುವವನ ಕುತ್ತಿಗೆ ಹತ್ತಿರ. ಚಿಯರ್‌ನಲ್ಲಿ ಆ ಕೆಲಸ ಮಾಡುವವರಿಗೆ ಸ್ಪಾಟರ್ ಎಂದು ಹೆಸರು. ಅವರಿಗೆ ಕುಣಿತವಿಲ್ಲ, ಪ್ರೇಕ್ಷಕರ ಕಡೆ ನೋಡುವಂತಿಲ್ಲ. ಕಣ್ಣು ಮೇಲಿರುವವಳ ಮೇಲೆ, ಕೈ ಎತ್ತಿ ಸಿದ್ಧ. ಬಿದ್ದರೆ ತಲೆ, ಕುತ್ತಿಗೆ, ಭುಜ ಮೊದಲು ಹಿಡಿಯಬೇಕು, ಕಾಲು ಆಮೇಲೆ. ನಮ್ಮ ಕೋರ್ಟಿನಲ್ಲಿ ಅವತ್ತು ಇಬ್ಬರು ಟೀಚರ್ ಇದ್ದರು. ಒಬ್ಬರು ಸ್ಪೀಕರಿನ ಹತ್ತಿರ. ಇನ್ನೊಬ್ಬರು ವಿಡಿಯೋ ಮಾಡುತ್ತಿದ್ದರು.

ಹಾಗಂತ ಆ ಡ್ಯಾನ್ಸ್ ಮಾಸ್ಟರನ್ನು ಬೈದು ಮುಗಿಸಿದರೆ ಅನ್ಯಾಯ. ಅವನಿಗೆ ಮಾತಾಡಿದ್ದು ಒಂದು ಹಾಡಿಗೆ ಇಷ್ಟು ಅಂತ. ಎಂಟು ಹಾಡು, ಮೂರು ಶಾಲೆ, ಒಂದು ತಿಂಗಳು. ಜಿಮ್ನಾಸ್ಟಿಕ್ಸ್ ಕಲಿತವರು ನಮ್ಮ ಶಾಲೆಗಳಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಬಿ.ಪಿ.ಎಡ್ ಮಾಡಿದ ಪಿಟಿ ಮೇಷ್ಟ್ರುಗಳು ಒಂದಿಷ್ಟು ಜಿಮ್ನಾಸ್ಟಿಕ್ಸನ್ನೂ ಪ್ರಥಮ ಚಿಕಿತ್ಸೆಯನ್ನೂ ಓದಿಯೇ ಬಂದಿರುತ್ತಾರೆ. ಆದರೆ 'ಪ್ರೋಗ್ರಾಂ ನಂದಲ್ಲ' ಎಂದು ಅವರನ್ನು ಹೊರಗಿಡುತ್ತೇವೆ, ಇಲ್ಲವೇ ಅವರೇ ಹೊರಗಿರುತ್ತಾರೆ. ಗೊತ್ತಿರುವವರು ದೂರ, ಗೊತ್ತಿಲ್ಲದವರು ಹತ್ತಿರ.

ಸರ್ಟಿಫಿಕೇಟ್ ಒಂದೇ ಸಾಕು ಅಂತಲೂ ಅಲ್ಲ. ಅಮೆರಿಕದಲ್ಲಿ ಚಿಯರ್ ಕೋಚ್‌ಗಳ ಸುರಕ್ಷತಾ ಕೋರ್ಸು ಆನ್‌ಲೈನಿನಲ್ಲೇ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಕಾಗದ ಕೈಯಲ್ಲಿದ್ದವರೂ ಮಕ್ಕಳನ್ನು ಬೀಳಿಸಿದ್ದಾರೆ. ಇನ್ನೂ ಕೆಟ್ಟದ್ದೂ ನಡೆದಿದೆ. 2022ರಲ್ಲಿ ಅಲ್ಲಿನ ಹಲವು ರಾಜ್ಯಗಳಲ್ಲಿ ಖಾಸಗಿ ಚಿಯರ್ ಜಿಮ್‌ಗಳ ಕೋಚ್‌ಗಳ ಮೇಲೆ ಮಕ್ಕಳ ಲೈಂಗಿಕ ದೌರ್ಜನ್ಯದ ಮೊಕದ್ದಮೆಗಳು ದಾಖಲಾದವು. ಮುಟ್ಟಿ ಕಲಿಸುವ ವಿದ್ಯೆ ಇದು. ಎತ್ತಬೇಕು, ಹಿಡಿಯಬೇಕು, ಸರಿಪಡಿಸಬೇಕು. ಅದಕ್ಕೇ ಯಾರು ಮುಟ್ಟುತ್ತಾರೆ, ಅವರ ಹಿನ್ನೆಲೆ ಏನು, ಅಲ್ಲಿ ಇನ್ನೊಬ್ಬ ದೊಡ್ಡವರು ಇರುತ್ತಾರಾ ಎಂಬುದೂ ಸುರಕ್ಷತೆಯ ಪ್ರಶ್ನೆಯೇ. ನಮ್ಮಲ್ಲಿ 2012ರಿಂದ ಪೋಕ್ಸೋ ಕಾಯ್ದೆ ಇದೆ. ಆದರೂ ಹೊರಗಿನಿಂದ ಬರುವ ಮಾಸ್ಟರುಗಳ ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ವಿಚಾರಣೆ ಮುಗಿಯಿತು ಎಂದುಕೊಳ್ಳುವ ಆಫೀಸುಗಳೇ ಜಾಸ್ತಿ. ತುದಿಗೆ ಹತ್ತುವ ಮಗುವಿಗೆ ಬೀಳುವ ಇನ್ನೊಂದು ಒತ್ತಡ ತೂಕದ್ದು. "ದಪ್ಪ ಆದ್ರೆ ಮೇಲೆ ನಿಲ್ಲಿಸಲ್ಲ" ಎಂದು ಹನ್ನೆರಡು ವರ್ಷದ ಹುಡುಗಿಗೆ ತಮಾಷೆಗೆ ಹೇಳಿದ ಮಾತು ಅವಳ ಊಟದ ತಟ್ಟೆಯವರೆಗೆ ಹೋಗುತ್ತದೆ.

ಬಿದ್ದ ಹುಡುಗಿಯ ಕಥೆ ಅಲ್ಲಿಗೇ ಬಿಟ್ಟಿದ್ದೆ. ಅವತ್ತು ರಾತ್ರಿ ಎರಡು ಸಲ ವಾಂತಿ ಮಾಡಿಕೊಂಡಳು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರು, ಏನೂ ಕಾಣಲಿಲ್ಲ. ಏನೂ ಕಾಣಲಿಲ್ಲ ಅಂದರೆ ಏನೂ ಆಗಿಲ್ಲ ಅಂತಲ್ಲ. ತಲೆ ಜೋರಾಗಿ ಅದುರಿದಾಗ ಮೆದುಳಿನ ಕೆಲಸ ಕೆಡುತ್ತದೆ. ಇದಕ್ಕೇ ಕನ್‌ಕಷನ್ ಅನ್ನುವುದು. ಅದು ಸಾಮಾನ್ಯವಾಗಿ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ತಲೆನೋವು, ತಲೆಸುತ್ತು, ಬೆಳಕು ನೋಡಲಾಗದಿರುವುದು, ಓದಿದ್ದು ತಲೆಗೆ ಹತ್ತದಿರುವುದು, ಸುಮ್ನೆ ಸುಮ್ನೆ ಸಿಟ್ಟು ಬರುವುದು ಇವೇ ಅದರ ಗುರುತು. ಕೆಲವು ಸಲ ಗಂಟೆಗಳ ನಂತರ ಶುರುವಾಗುತ್ತವೆ. ಅದಕ್ಕೇ ತಲೆಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ಆ ಮಗುವನ್ನು ಅವತ್ತು ಮತ್ತೆ ಆಟಕ್ಕೆ ಬಿಡಬಾರದು ಎಂಬುದು ಕ್ರೀಡಾ ವೈದ್ಯರು ಒಕ್ಕೊರಲಿನಿಂದ ಹೇಳುವ ನಿಯಮ. ಮೊದಲ ಪೆಟ್ಟು ಮಾಯುವ ಮುನ್ನ ಇನ್ನೊಂದು ಪೆಟ್ಟು ಬಿದ್ದರೆ, ಅಪರೂಪಕ್ಕಾದರೂ, ಮೆದುಳು ಊದಿಕೊಂಡು ಜೀವವೇ ಹೋಗಬಹುದು. ನಮ್ಮ ಕೋರ್ಟಿನಲ್ಲಿ ಐದು ನಿಮಿಷಕ್ಕೆ ಮತ್ತೆ ಹತ್ತಿಸಿದ್ದು ಆ ಸಂಜೆಯ ಅತಿ ದೊಡ್ಡ ತಪ್ಪು. ಬೀಳಿಸಿದ್ದಕ್ಕಿಂತ ದೊಡ್ಡದು. ಕುತ್ತಿಗೆ ನೋಯುತ್ತಿದೆ ಅಂದರೆ ಎಬ್ಬಿಸಿ ಕೂರಿಸಲೂಬಾರದು. ಮಲಗಿದಲ್ಲೇ ತಲೆ ಅಲುಗಾಡದಂತೆ ಹಿಡಿದು 108ಕ್ಕೆ ಫೋನ್ ಮಾಡಬೇಕು. ನಾವು ಮಾಡುವುದು ತದ್ವಿರುದ್ಧ: ಕೈ ಹಿಡಿದು ಎಳೆದು ಎಬ್ಬಿಸುತ್ತೇವೆ, ತಲೆ ಮೇಲೆ ತಣ್ಣೀರು ತಟ್ಟುತ್ತೇವೆ.

ಹುಡುಗಿ ಮೂರು ವಾರ ಬರಲಿಲ್ಲ. ಗ್ಯಾದರಿಂಗ್ ಅವಳಿಲ್ಲದೆ ಆಯಿತು. ತುದಿಗೆ ಇನ್ನೊಬ್ಬಳನ್ನು ಹತ್ತಿಸಿದ್ದರು. ಅದೇ ಜಮಖಾನ.

ಈ ವರ್ಷ ಪೋಷಕರ ಸಭೆಯಲ್ಲಿ ಅಕ್ಕನ ಜೊತೆ ನಾನೂ ಹೋಗಿದ್ದೆ. 2021ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಮಕ್ಕಳ ಸುರಕ್ಷತೆಗೆ ಶಾಲಾ ಆಡಳಿತವನ್ನೇ ಹೊಣೆ ಮಾಡುವ ಮಾರ್ಗಸೂಚಿ ಹೊರಡಿಸಿದೆ, ಗ್ಯಾದರಿಂಗನ್ನೂ ಅದರ ಪ್ರಕಾರ ನಡೆಸಿ ಅಂದೆವು. ಎರಡು ಸಾಲಿಗಿಂತ ಮೇಲೆ ಬೇಡ. ಸಿಮೆಂಟ್ ಬೇಡ, ಮಣ್ಣಿನ ಮೈದಾನದಲ್ಲಿ ಮಾಡಿಸಿ, ಜುಡೋ ಮ್ಯಾಟ್ ಬಾಡಿಗೆಗೆ ತನ್ನಿ, ದುಡ್ಡು ನಾವು ಸೇರಿಸುತ್ತೇವೆ. ಪಿಟಿ ಮೇಷ್ಟ್ರು ಅಲ್ಲೇ ನಿಂತಿರಲಿ. ಬಿದ್ದವರ ಹೆಸರು ಒಂದು ಪುಸ್ತಕದಲ್ಲಿ ಬರೆಯಿರಿ. ಇಷ್ಟೇ ಕೇಳಿದ್ದು. ಆಫೀಸಿನವರು ತಲೆಯಾಡಿಸಿದರು. ಪುಸ್ತಕದ ಮಾತು ಬಂದಾಗ ಮಾತ್ರ ಮುಖ ಸಣ್ಣದಾಯಿತು.

ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತರು. ನಮ್ಮ ಓಣಿಯವರೇ, ಒಳ್ಳೆಯವರು. "ಇಷ್ಟೆಲ್ಲಾ ಹೆದರ್ಕೊಂಡ್ರೆ ಹೆಂಗ್ರೀ? ನಮ್ ಕಾಲ್ದಾಗೆ ನಾವು ಪಿರಮಿಡ್ ಮಾಡಿಲ್ವಾ? ಹೈಸ್ಕೂಲ್ನಾಗೆ ಆಗಸ್ಟ್ ಹದಿನೈದಕ್ಕೆ ನಾನೇ ಟಾಪು. ಹಿಂಗೆ ಎರಡೂ ಕೈ ಚಾಚಿ ನಿಂತಿದ್ದೆ" ಎಂದು ನಿಂತು ತೋರಿಸಿದರು. ಎಡಗೈ ನೆಟ್ಟಗೆ ಚಾಚಿತು. ಬಲಗೈ ಮೊಣಕೈ ಹತ್ತಿರ ಸೊಟ್ಟಗೆ ನಿಂತುಬಿಟ್ಟಿತು. ಅವರ ಹೆಂಡತಿ ಶರ್ಟು ಹಿಡಿದು ಎಳೆದು ಕೂರಿಸಿದರು.